ಅವರ ಫೋನು ನಿಮ್ಮ ಕೈಗೆ ಬರಬಾರದು

ಪ್ರಶ್ನೆ: ನಾನು ಯಾದಗಿರಿ ಜಿಲ್ಲೆ ಶಹಾಪುರದ ಕಡೆಯವಳು. ಡಿಗ್ರಿ ಮುಗಿಸಿ ಊರಿನ ಸ್ವಸಹಾಯ ಸಂಘದ ಲೆಕ್ಕ ಬರೆಯುತ್ತೇನೆ. ಸಂಘದ ಹೆಣ್ಣುಮಕ್ಕಳಿಗೆ ಸ್ಮಾರ್ಟ್‌ಫೋನ್ ಕಲಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. 35ರಿಂದ 65 ವರ್ಷದ 16 ಜನ ಇದ್ದಾರೆ, ಅರ್ಧಕ್ಕರ್ಧ ಜನಕ್ಕೆ ಓದು ಬಾರದು. ಪಂಚಾಯಿತಿಯ ಅರಿವು ಕೇಂದ್ರದ (ಊರಿನ ಗ್ರಂಥಾಲಯದ) ಟಿವಿಗೆ ನನ್ನ ಫೋನ್ ಜೋಡಿಸಿ ಎರಡು ದಿನ ಎಲ್ಲ ವಿವರಿಸಿದೆ. ಮೂರನೇ ದಿನ ಬಂದವರು ಐದೇ ಜನ. ಉಳಿದವರು ‘ನಮಗ ಬರಂಗಿಲ್ಲ ಬಿಡವ್ವ, ಕೆಟ್ಟುಹೋದ್ರ ಮಗ ಬೈತಾನ’ ಅನ್ನುತ್ತಾರೆ. ನನ್ನ ಧೈರ್ಯವೂ ಹೋಗಿದೆ. ಎಲ್ಲಿಂದ ಹಿಡಿದು ಮತ್ತೆ ಶುರು ಮಾಡಲಿ?

ಉತ್ತರ: ಮೊದಲು ಆ ಟಿವಿ ಆರಿಸಿ. ಪರದೆಯ ಮೇಲೆ ನಿಮ್ಮ ಫೋನ್ ಸರಾಗ ಓಡುವುದನ್ನು ಅವರು ನೋಡಿದರು, ಅವರ ಕೈ ಮಾತ್ರ ಏನೂ ಮಾಡಲಿಲ್ಲ. ಮನೆಗೆ ಹೋಗಿ ತಮ್ಮ ಫೋನ್ ತೆಗೆದರೆ ಚಿತ್ರಗಳು ಬೇರೆ ಜಾಗದಲ್ಲಿ, ಬಣ್ಣ ಬೇರೆ, ಅಕ್ಷರ ಸಣ್ಣ. ತರಗತಿಯಲ್ಲಿ ಕಂಡದ್ದಕ್ಕೂ ಕೈಯಲ್ಲಿ ಇರುವುದಕ್ಕೂ ತಾಳೆ ಆಗದಿದ್ದಾಗ ದೊಡ್ಡವರು ಫೋನನ್ನು ಬೈಯುವುದಿಲ್ಲ, ತಮ್ಮ ತಲೆಯನ್ನೇ ಬೈದುಕೊಳ್ಳುತ್ತಾರೆ. ‘ನಮಗ ಬರಂಗಿಲ್ಲ’ ಎಂಬ ಮಾತು ಹುಟ್ಟುವುದು ಅಲ್ಲಿಂದ. ಧೈರ್ಯ ತುಂಬುವ ಭಾಷಣದಿಂದ ಅದು ಹೋಗುವುದಿಲ್ಲ. ತನಗೆ ಬೇಕಾದ ಒಂದು ಕೆಲಸವನ್ನು ತನ್ನದೇ ಫೋನಿನಲ್ಲಿ, ತನ್ನದೇ ಬೆರಳಿನಿಂದ, ಯಾರ ಕೈಯೂ ಸೋಕದೆ ಮಾಡಿ ಮುಗಿಸಿದ ದಿನ ಹೋಗುತ್ತದೆ.

16 ಜನ ಒಬ್ಬರ ಕೈಗೆ ಹೆಚ್ಚು. ಒಮ್ಮೆಗೆ ಐದಾರು ಜನ ಸಾಕು, ಅಂದರೆ ಮೂರು ಗುಂಪು. ಒಂದು ಗುಂಪಿಗೆ ವಾರಕ್ಕೆ ಎರಡು ಸಲ, ಒಂದೂವರೆ ಗಂಟೆಯಂತೆ ಎಂಟು ತರಗತಿ, ಒಟ್ಟು 12 ಗಂಟೆ. ಕೇಂದ್ರ ಸರ್ಕಾರ 2017ರಲ್ಲಿ ತಂದ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನಕ್ಕೆ 20 ಗಂಟೆಯ ಪಠ್ಯವಿತ್ತು. ಅದರಲ್ಲಿ ಕಂಪ್ಯೂಟರ್, ಇಮೇಲ್ ಎಲ್ಲ ಸೇರಿದ್ದವು. ನಿಮಗೆ ಅಷ್ಟು ಬೇಡ. ಅತ್ತೆ ಸೊಸೆ ಇಬ್ಬರೂ ಸಂಘದಲ್ಲಿದ್ದರೆ ಬೇರೆ ಬೇರೆ ಗುಂಪಿಗೆ ಹಾಕಿ, ಕಾರಣ ನಿಮಗೇ ಗೊತ್ತು. ಮೊಮ್ಮಕ್ಕಳನ್ನು ಒಳಗೆ ಬಿಡಬೇಡಿ. ‘ಆಯಿ, ತಾ ನಾ ಮಾಡ್ತೀನಿ’ ಎಂದು ಒಂದು ಮಗು ಫೋನ್ ಕಸಿದರೆ ಅವತ್ತಿನ ಪಾಠ ಅಲ್ಲಿಗೆ ಮುಗಿಯಿತು.

ಹೊತ್ತಿನ ವಿಚಾರ. ನಿಮ್ಮ ಕಡೆ ಹತ್ತಿ ಬಿಡಿಸುವ ಮತ್ತು ತೊಗರಿ ಕೊಯ್ಲಿನ ದಿನಗಳಲ್ಲಿ, ಅಂದರೆ ನವೆಂಬರ್‌ನಿಂದ ಜನವರಿವರೆಗೆ, ಕೂಲಿ ಬಿಟ್ಟು ಯಾರೂ ಬರುವುದಿಲ್ಲ. ಬರಬೇಕೆಂದು ಕೇಳುವುದೂ ಸರಿಯಲ್ಲ. ಏಪ್ರಿಲ್–ಮೇ ತಿಂಗಳ ಬಿಸಿಲಲ್ಲಿ ಮಧ್ಯಾಹ್ನ ಇಟ್ಟರೆ ಫೋನೇ ಕಾದು ನಿಧಾನವಾಗುತ್ತದೆ, ಪರದೆ ತಾನಾಗಿ ಮಬ್ಬಾಗುತ್ತದೆ, ಆಗಲೂ ತಪ್ಪು ತಮ್ಮದೇ ಎಂದುಕೊಳ್ಳುತ್ತಾರೆ. ಬೇಸಿಗೆಯಲ್ಲಿ ಬೆಳಗ್ಗೆ, ಉಳಿದ ಕಾಲದಲ್ಲಿ ರಾತ್ರಿ ಅಡುಗೆಗೆ ಮುಂಚಿನ ಹೊತ್ತು ನೋಡಿ.

ತರಗತಿಗೆ ಮುಂಚೆ ಒಬ್ಬೊಬ್ಬರ ಮನೆಗೆ ಹೋಗಿ ನಾಲ್ಕು ವಿಷಯ ಬರೆದುಕೊಳ್ಳಿ. ಫೋನ್ ಯಾರದು? ಅದರಲ್ಲಿರುವ ಸಿಮ್ ಯಾರ ಹೆಸರಲ್ಲಿದೆ? ಆಧಾರ್‌ಗೆ ಮತ್ತು ಬ್ಯಾಂಕ್ ಖಾತೆಗೆ ಯಾವ ನಂಬರ್ ಕೊಟ್ಟಿದ್ದಾರೆ? ಫೋನಿನಿಂದ ಅವರಿಗೆ ಆಗಬೇಕಾದ ಒಂದು ಕೆಲಸ ಯಾವುದು? ಮೂರನೆಯ ಪ್ರಶ್ನೆ ಬಿಟ್ಟರೆ ಮುಂದೆ ಒಟಿಪಿ ಪುಣೆಯಲ್ಲಿರುವ ಮಗನ ಫೋನಿಗೆ ಹೋಗಿ ಕೂತಿರುತ್ತದೆ, ನೀವು ಇಲ್ಲಿ ಕಾಯುತ್ತಿರುತ್ತೀರಿ. ನಾಲ್ಕನೆಯದಕ್ಕೆ ನಮ್ಮ ಭಾಗದಲ್ಲಿ ಸಿಗುವ ಉತ್ತರ ಹೆಚ್ಚುಕಮ್ಮಿ ಒಂದೇ: ದುಡಿಯಲು ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿಗೆ ಹೋದವರ ಮುಖ ನೋಡಬೇಕು, ಗೃಹಲಕ್ಷ್ಮಿಯ 2,000 ರೂಪಾಯಿ ಬಂತೋ ಇಲ್ಲವೋ ಗೊತ್ತಾಗಬೇಕು, ಕೆಲವರಿಗೆ ಹೊಲದ ಪಹಣಿ ನೋಡಬೇಕು. ನಿಮ್ಮ ಪಾಠದ ಪಟ್ಟಿ ಇದೇ. ಬಿಟ್ಟುಹೋದವರನ್ನು ಕರೆಯುವಾಗಲೂ ‘ಮೊಬೈಲ್ ಕಲೀಲಿಕ್ಕ ಬರ್ರಿ’ ಅನ್ನಬೇಡಿ. ‘ಬುಧವಾರ ಬಂದ್ರ ಮಗನ ಮಾರಿ ನೋಡಿ ಮಾತಾಡಬಹುದು, ಫೋನ್ ತುಂಬ ಚಾರ್ಜ್ ಮಾಡಿ ತರ್ರಿ’ ಅನ್ನಿ.

ಅದೇ ಭೇಟಿಯಲ್ಲಿ, ಫೋನ್ ಯಾರದೋ ಅವರ ಎದುರಿಗೇ, ಫೋನನ್ನು ಅಣಿ ಮಾಡಿ. ಇದು ಹತ್ತು ನಿಮಿಷದ ಕೆಲಸ. ನಿಮ್ಮ ಕೈ ಅವರ ಫೋನಿಗೆ ತಾಗುವುದು ಇದೊಂದೇ ಸಲ. ಸೆಟ್ಟಿಂಗ್ಸ್‌ನಲ್ಲಿ ಹೆಸರುಗಳು ಕಂಪನಿಯಿಂದ ಕಂಪನಿಗೆ ಸ್ವಲ್ಪ ಬದಲಾಗುತ್ತವೆ, ಆದರೆ ಆಂಡ್ರಾಯ್ಡ್ ಫೋನುಗಳಲ್ಲೆಲ್ಲ ಈ ಸೌಲಭ್ಯಗಳು ಇದ್ದೇ ಇರುತ್ತವೆ.

ಎಲ್ಲಕ್ಕಿಂತ ಮುಖ್ಯವಾದದ್ದು ಕೆಳಗಿನ ಮೂರು ಗುಂಡಿ. ಈಗಿನ ಫೋನುಗಳು ಅಂಚಿನಿಂದ ಬೆರಳು ಎಳೆದು ಹಿಂದಕ್ಕೆ ಹೋಗುವ ವ್ಯವಸ್ಥೆಯಲ್ಲಿ ಬರುತ್ತವೆ. ಕಣ್ಣಿಗೆ ಕಾಣದ ಗುಂಡಿಯನ್ನು ಹೊಸಬರಿಗೆ ಕಲಿಸುವುದು ಕಷ್ಟ. ಸಿಸ್ಟಂ ನ್ಯಾವಿಗೇಶನ್‌ಗೆ ಹೋಗಿ ಮೂರು ಗುಂಡಿಯ ವ್ಯವಸ್ಥೆ ಆರಿಸಿ. ಆಮೇಲೆ ಆಕ್ಸೆಸಿಬಿಲಿಟಿಯೊಳಗೆ ‘ಟಚ್ ಆ್ಯಂಡ್ ಹೋಲ್ಡ್ ಡಿಲೇ’ ಇದೆ, ಅದನ್ನು ದೀರ್ಘಕ್ಕೆ ಇಡಿ. ಹೊಸದಾಗಿ ಫೋನ್ ಹಿಡಿದವರು ಬಾಗಿಲ ಗಂಟೆ ಒತ್ತಿದಂತೆ ಗಟ್ಟಿಯಾಗಿ, ತಡವಾಗಿ ಒತ್ತುತ್ತಾರೆ. ಫೋನ್ ಅದನ್ನು ‘ಒತ್ತಿ ಹಿಡಿದರು’ ಎಂದು ತಿಳಿದು ಚಿತ್ರವನ್ನೇ ಕಿತ್ತು ಓಡಾಡಿಸುತ್ತದೆ, ಇಲ್ಲವೇ ಬೇರೇನೋ ಪಟ್ಟಿ ತೆರೆಯುತ್ತದೆ. ‘ಎಲ್ಲಾ ಕೆಟ್ಟು ಹೋತು’ ಎಂಬ ದೂರಿನ ಬಹುಪಾಲು ಇದರಿಂದಲೇ. ಹೋಮ್ ಸ್ಕ್ರೀನ್ ಅಲುಗದಂತೆ ಬೀಗ ಹಾಕುವ ಆಯ್ಕೆ ಆ ಫೋನಿನಲ್ಲಿದ್ದರೆ ಅದನ್ನೂ ಹಾಕಿ.

ಅಕ್ಷರ ಮತ್ತು ಚಿತ್ರದ ಗಾತ್ರ ಹೆಚ್ಚಿಸಿ, ಆದರೆ ಕೊನೆಯ ಮಟ್ಟಕ್ಕೆ ಒಯ್ಯಬೇಡಿ. ಅಲ್ಲಿಗೆ ಒಯ್ದರೆ ಕೆಲವು ಆ್ಯಪ್‌ಗಳಲ್ಲಿ ಗುಂಡಿಗಳು ಪರದೆಯಿಂದ ಹೊರಗೆ ಹೋಗಿಬಿಡುತ್ತವೆ. ಪರದೆ ಆರುವ ಅವಧಿ 30 ಸೆಕೆಂಡ್ ಇದ್ದರೆ ಐದು ನಿಮಿಷ ಮಾಡಿ. ಮೊದಲ ಪರದೆಯಲ್ಲಿ ಫೋನ್, ವಾಟ್ಸ್ಆ್ಯಪ್, ಕ್ಯಾಮೆರಾ, ಫೋಟೊ, ಇವರಿಗೆ ಬೇಕಾದ ಒಂದೆರಡು, ಹೀಗೆ ಆರಕ್ಕಿಂತ ಹೆಚ್ಚು ಚಿತ್ರ ಉಳಿಸಬೇಡಿ. ವಾಟ್ಸ್ಆ್ಯಪ್‌ನಲ್ಲಿ ವಿಡಿಯೊ ತಾನಾಗಿ ಇಳಿಯುವುದನ್ನು ನಿಲ್ಲಿಸಿ. ಫೋನ್ ತುಂಬಿ ಕುಂಟುವುದಕ್ಕೆ ಶುಭೋದಯದ ವಿಡಿಯೊಗಳೇ ಕಾರಣ.

ಫೋನಿನ ಭಾಷೆಯನ್ನು ಕನ್ನಡಕ್ಕೆ ತಿರುಗಿಸಬೇಕೇ? ಓದು ಬರುವವರಿಗೆ ತಿರುಗಿಸಿ. ಓದು ಬಾರದವರಿಗೆ ಯಾವ ಭಾಷೆಯಾದರೂ ಒಂದೇ, ಅವರು ಚಿತ್ರ ಮತ್ತು ಜಾಗ ನೋಡಿ ನಡೆಯುತ್ತಾರೆ. ಹಾಗಾಗಿ ಅವರ ಮನೆಯಲ್ಲಿ ನೆರವಾಗುವವರಿಗೆ ಯಾವುದು ರೂಢಿಯೋ ಅದೇ ಇರಲಿ.

ಇನ್ನು ಬೆರಳು. ಹೊಲದಲ್ಲಿ ದುಡಿದು ಒಣಗಿ ಗಡುಸಾದ ಚರ್ಮವನ್ನು ಪರದೆ ಸರಿಯಾಗಿ ಗುರುತಿಸುವುದಿಲ್ಲ. ಚರ್ಮದ ತೇವದ ಮೂಲಕ ಹಾಯುವ ಸಣ್ಣ ವಿದ್ಯುತ್ ಬದಲಾವಣೆಯನ್ನು ಅದು ಹಿಡಿಯುತ್ತದೆಯೇ ಹೊರತು ಒತ್ತಡವನ್ನಲ್ಲ. ಗಟ್ಟಿಯಾಗಿ ಒತ್ತಿದಷ್ಟೂ ಪ್ರಯೋಜನವಿಲ್ಲ. ಒಂದು ಒದ್ದೆ ಬಟ್ಟೆ ಇಟ್ಟುಕೊಂಡು ಬೆರಳನ್ನು ಒತ್ತಿಸಿಕೊಂಡರೆ ಸಾಕು. ನೀರು ತೊಟ್ಟಿಕ್ಕಬಾರದು, ಪರದೆಯ ಮೇಲೆ ಹನಿ ಬಿದ್ದರೆ ಅದೇ ಇನ್ನೊಂದು ಬೆರಳಿನಂತೆ ಕೆಲಸ ಮಾಡುತ್ತದೆ. ಉಗುರಿನ ತುದಿಯಿಂದ ಕುಟ್ಟುವವರಿದ್ದಾರೆ, ಬೆರಳ ಮೆತ್ತೆಯಿಂದ ಮುಟ್ಟಲು ಹೇಳಿ. ಫೋನ್ ಹಿಡಿದ ಎಡಗೈಯ ಬೆರಳು ಪರದೆಯ ಅಂಚಿಗೆ ತಾಗಿದ್ದರೂ ಬಲಗೈಯ ಒತ್ತು ಕೆಲಸ ಮಾಡದೆ ಹೋಗಬಹುದು. ಮೊದಲ ಎರಡು ತರಗತಿ ಫೋನನ್ನು ಮೇಜಿನ ಮೇಲೆ ಇಟ್ಟೇ ನಡೆಯಲಿ.

ಕಣ್ಣನ್ನೂ ನೋಡಿ. ನಲವತ್ತು ದಾಟಿದವರಿಗೆ ಹತ್ತಿರದ್ದು ಮಸುಕಾಗುವುದು ಸಹಜ. ಫೋನನ್ನು ತೋಳಿನಷ್ಟು ದೂರ ಹಿಡಿದು ಕಣ್ಣು ಕಿರಿದು ಮಾಡುವವರಿಗೆ ಪಾಠ ಬೇಕಿಲ್ಲ, ಚಾಳೀಸು ಬೇಕು. ತಾಲೂಕು ಆಸ್ಪತ್ರೆಗೆ ಕಳಿಸಿ, ಆಮೇಲೆ ಕಲಿಸಿ.

ತರಗತಿಯ ಒಂದೇ ಕಠಿಣ ನಿಯಮ: ಕಲಿಯುವವರ ಫೋನನ್ನು ನೀವು ಮುಟ್ಟುವ ಹಾಗಿಲ್ಲ. ಮುಟ್ಟಬೇಕೆಂಬ ತುಡಿತ ಬಲು ಜೋರು. ಅವರು ಮೂರು ನಿಮಿಷ ತಡಕಾಡುವುದನ್ನು ನೀವು ಮೂರು ಸೆಕೆಂಡಿನಲ್ಲಿ ಮಾಡಬಲ್ಲಿರಿ. ಆದರೆ ಮಾಡಿದಿರೋ, ಕೆಲಸ ಆಯಿತು, ಕಲಿಕೆ ಆಗಲಿಲ್ಲ. ಕೈಯಲ್ಲಿ ಒಂದು ಕಟ್ಟಿಗೆಯ ಪೆನ್ಸಿಲ್ ಹಿಡಿದುಕೊಳ್ಳಿ, ಅದರ ಹಿಂದಿನ ತುದಿಯಿಂದ ಜಾಗ ತೋರಿಸಿ. ಬೆರಳಿನಿಂದ ತೋರಿಸಲು ಹೋದರೆ ಪರದೆ ತೆರೆದುಕೊಂಡುಬಿಡುತ್ತದೆ, ಒಣ ಕಟ್ಟಿಗೆಗೆ ಅದು ಓಗೊಡುವುದಿಲ್ಲ.

ಒಂದು ಕ್ರಿಯೆಗೆ ಒಂದೇ ಮಾತು ಬಳಸಿ, ಎಂಟು ತರಗತಿಯೂ ಅದನ್ನೇ ಬಳಸಿ. ‘ಒತ್ರಿ’, ‘ಒತ್ತಿ ಹಿಡೀರಿ’, ‘ಸರಸ್ರಿ’, ‘ಹೊಳ್ಳಿ ಬರ್ರಿ’, ಈ ನಾಲ್ಕರಲ್ಲಿ ಎಲ್ಲ ಮುಗಿಯುತ್ತದೆ. ಒಮ್ಮೆ ಕ್ಲಿಕ್, ಒಮ್ಮೆ ಟಚ್, ಒಮ್ಮೆ ಟ್ಯಾಪ್ ಎಂದರೆ ಅವರಿಗೆ ಅವು ಮೂರು ಬೇರೆ ಕೆಲಸಗಳು.

ಮೊದಲ ತರಗತಿಯ ಮೊದಲ ಇಪ್ಪತ್ತು ನಿಮಿಷ ಬೇಕೆಂದೇ ದಾರಿ ತಪ್ಪಿಸಿ. ಯಾವುದಾದರೂ ಚಿತ್ರ ಒತ್ತಲಿ, ಅದರೊಳಗೆ ಮತ್ತೇನನ್ನಾದರೂ ಒತ್ತಲಿ, ಎಲ್ಲಿದ್ದೇವೆಂದು ತಿಳಿಯದಂತಾಗಲಿ. ಆಮೇಲೆ ನಡುವಿನ ಗುಂಡಿ ಒತ್ತಿಸಿ. ಮನೆಗೆ, ಅಂದರೆ ಮೊದಲ ಪರದೆಗೆ, ಬಂದರು. ಇದನ್ನು ಹತ್ತು ಸಲ ಮಾಡಿಸಿ. ಫೋನ್ ಕೆಡುತ್ತದೆ ಎಂಬ ಭಯಕ್ಕೆ ಇದಕ್ಕಿಂತ ಒಳ್ಳೆಯ ಮದ್ದು ಕಾಣೆ. ಜೊತೆಗೆ ನಿಜವಾಗಿ ನಷ್ಟ ತರುವ ಮೂರು ಸಂಗತಿ ಮಾತ್ರ ಹೇಳಿ: ಒಟಿಪಿಯನ್ನು ಬೇರೆಯವರಿಗೆ ಹೇಳುವುದು, ಯಾರೋ ಹೇಳಿದರೆಂದು ಪಿನ್ ಒತ್ತುವುದು, ವಾಟ್ಸ್ಆ್ಯಪ್‌ನಲ್ಲಿ ಬಂದ ಎಪಿಕೆ ಫೈಲ್ (ಪ್ಲೇ ಸ್ಟೋರ್ ಬಿಟ್ಟು ಹೊರಗಿನಿಂದ ಬರುವ ಆ್ಯಪ್) ಹಾಕಿಕೊಳ್ಳುವುದು. ಉಳಿದ ತಪ್ಪುಗಳನ್ನೆಲ್ಲ ಹೆಚ್ಚುಕಮ್ಮಿ ಸರಿಮಾಡಬಹುದು. ಗೂಗಲ್ ಫೋಟೋಸ್‌ನಲ್ಲಿ ಅಳಿಸಿದ ಫೋಟೊ ಕೂಡ ಸಾಮಾನ್ಯವಾಗಿ ಕನಿಷ್ಠ 30 ದಿನ ಕಸದಬುಟ್ಟಿಯಲ್ಲಿ ಇರುತ್ತದೆ.

ಉಳಿದ ಹೊತ್ತು ವಿಡಿಯೊ ಕರೆಗೆ. ನಿಮ್ಮ ಮನೆ ಭೇಟಿಯಲ್ಲೇ ಮಗನಿಗೋ ಮಗಳಿಗೋ ಹೊತ್ತು ಹೇಳಿರಿ. ಅವರು ಎತ್ತದಿದ್ದರೆ ಇವರ ಉತ್ಸಾಹ ಇಳಿಯುತ್ತದೆ. ಎಲ್ಲರೂ ಒಂದೇ ಕೋಣೆಯಲ್ಲಿ ಕರೆ ಮಾಡಿದರೆ ಮಾತು ಬೆರೆತು ಯಾರಿಗೂ ಸರಿಯಾಗಿ ಕೇಳಿಸುವುದಿಲ್ಲ, ಇಬ್ಬರನ್ನು ಹೊರಗೆ ಕಟ್ಟೆಗೆ ಕಳಿಸಿ.

ಓದು ಬಾರದವರ ಬಗ್ಗೆ ಬೇರೆಯಾಗಿ ಹೇಳಬೇಕು. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ 52ರಷ್ಟು, ರಾಜ್ಯದಲ್ಲೇ ಕಡಿಮೆ. ಅಂಥವರು ನಿಮ್ಮ ತರಗತಿಯಲ್ಲಿ ಇರುವುದು ಸಹಜ. ಆದರೆ ಅಕ್ಷರ ಬಾರದವರಿಗೂ 1, 2, 3 ಅಂಕಿಗಳು ಬಹುಮಟ್ಟಿಗೆ ಬರುತ್ತವೆ, ನೋಟು ಮತ್ತು ಬಸ್ಸಿನ ನಂಬರ್‌ನಿಂದ ಕಲಿತಿರುತ್ತಾರೆ. ಆ ಅಂಕಿಗಳನ್ನೇ ಆಧಾರ ಮಾಡಿಕೊಳ್ಳಿ. ಪ್ರತಿ ಸಂಪರ್ಕಕ್ಕೂ ಫೋಟೊ ಹಾಕಿಸಿ, ಫೋಟೊ ತೆಗೆಯುವುದೂ ಅವರೇ. ಟೈಪ್ ಮಾಡುವುದರ ಬದಲು ಧ್ವನಿ ಸಂದೇಶ ಕಲಿಸಿ: ಮೈಕ್ ಒತ್ತಿ ಹಿಡಿದು ಮಾತಾಡಿ, ಬಿಟ್ಟರೆ ಹೋಗುತ್ತದೆ. ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಮೊದಲ ಮಾತು ಆಡುವಷ್ಟರಲ್ಲಿ ಬೆರಳು ಎತ್ತಿಬಿಡುತ್ತಾರೆ, ಇಲ್ಲವೇ ಬೆರಳು ಎಡಕ್ಕೆ ಜಾರಿ ಸಂದೇಶ ರದ್ದಾಗುತ್ತದೆ. ಮೈಕನ್ನು ಮೇಲಕ್ಕೆ ಸರಿಸಿ ಬೀಗ ಹಾಕಿಕೊಂಡರೆ ಬೆರಳು ಎತ್ತಿಯೂ ಮಾತಾಡಬಹುದು. ಅದನ್ನು ಎರಡನೇ ದಿನ ಹೇಳಿಕೊಡಿ, ಮೊದಲ ದಿನ ಬೇಡ.

ಗೂಗಲ್ ಕೀಬೋರ್ಡ್‌ನ ಮೈಕ್ ಒತ್ತಿ ಮಾತಾಡಿದರೆ ಕನ್ನಡದಲ್ಲಿ ತಾನೇ ಬರೆಯುತ್ತದೆ, ಉರ್ದು, ಮರಾಠಿ, ತೆಲುಗಿನಲ್ಲೂ ಬರೆಯುತ್ತದೆ. ಬೀದರ್, ಆಳಂದ, ಗುರುಮಠಕಲ್ ಕಡೆಗೆ ಇದು ದೊಡ್ಡ ಅನುಕೂಲ. ಆದರೆ ನಮ್ಮ ಕಡೆಯ ಆಡುಮಾತನ್ನು ಅದು ಆಗಾಗ ತಪ್ಪಾಗಿ ಕೇಳಿಸಿಕೊಳ್ಳುತ್ತದೆ, ಮೂರು ನಾಲ್ಕು ಪದದ ಸಣ್ಣ ಮಾತಾದರೆ ಪರವಾಗಿಲ್ಲ. ತಾಂಡಾದ ಹೆಣ್ಣುಮಕ್ಕಳಿಗೆ ಲಂಬಾಣಿಯಲ್ಲಿ ಈ ಆಸರೆ ಇಲ್ಲ. ಧ್ವನಿ ಸಂದೇಶಕ್ಕೆ ಭಾಷೆಯ ಹಂಗಿಲ್ಲ, ಅವರಿಗೆ ಅದೇ ಸಾಕು.

ನಾಲ್ಕನೇ ತರಗತಿ ಹೊತ್ತಿಗೆ ಗೃಹಲಕ್ಷ್ಮಿ ಹಣ ನೋಡುವುದಕ್ಕೆ ಬನ್ನಿ. ‘ಡಿಬಿಟಿ ಕರ್ನಾಟಕ’ ಆ್ಯಪ್ ಪ್ಲೇ ಸ್ಟೋರ್‌ನಿಂದಲೇ ಇಳಿಸಬೇಕು. ಆಧಾರ್‌ನ 12 ಅಂಕಿ ಹಾಕಿದರೆ ಆಧಾರ್‌ಗೆ ಜೋಡಿಸಿದ ನಂಬರ್‌ಗೆ ಒಟಿಪಿ ಬರುತ್ತದೆ. ಅದನ್ನು ಹಾಕಿ, ನಾಲ್ಕು ಅಂಕಿಯ ಎಂಪಿನ್ (ಆ ಆ್ಯಪ್ ತೆರೆಯುವ ಗುಪ್ತಸಂಖ್ಯೆ) ಇಟ್ಟುಕೊಂಡರೆ ಯಾವ ಯೋಜನೆಯ ಹಣ ಯಾವಾಗ ಯಾವ ಖಾತೆಗೆ ಹೋಯಿತೆಂದು ಕಾಣುತ್ತದೆ. ಕಷ್ಟ ಆಗುವುದು ಒಟಿಪಿ ಓದುವುದರಲ್ಲಲ್ಲ, ಸಂದೇಶ ನೋಡಲು ಹೋಗಿ ಮತ್ತೆ ಆ್ಯಪ್‌ಗೆ ಹೊಳ್ಳಿ ಬರುವುದರಲ್ಲಿ. ಅದಕ್ಕೇ ಹಿಂದಿನ ತರಗತಿಯಲ್ಲಿ ತೆರೆದ ಆ್ಯಪ್‌ಗಳನ್ನು ತೋರಿಸುವ ಗುಂಡಿ (ಹೆಚ್ಚಿನ ಫೋನುಗಳಲ್ಲಿ ಚೌಕ) ಒತ್ತಿ ಎರಡು ಆ್ಯಪ್‌ಗಳ ನಡುವೆ ಓಡಾಡುವ ಅಭ್ಯಾಸ ಮಾಡಿಸಿರಬೇಕು. ಒಟಿಪಿಯನ್ನು ಎರಡೆರಡು ಅಂಕಿಯಾಗಿ ಚೀಟಿಯಲ್ಲಿ ಬರೆದುಕೊಂಡರೂ ನಡೆಯುತ್ತದೆ, ಕೆಲಸ ಆದಮೇಲೆ ಚೀಟಿ ಹರಿಯಲಿ.

ಹಣ ಹೋಗಿದೆ ಎಂದು ಆ್ಯಪ್ ತೋರಿಸಿದರೂ ಪಾಸ್‌ಬುಕ್‌ನಲ್ಲಿ ಇಲ್ಲದಿದ್ದರೆ ಗಾಬರಿ ಬೇಡ. ಆಧಾರ್ ಮೂಲಕ ಬರುವ ಹಣ ಕೊನೆಯದಾಗಿ ಆಧಾರ್ ಜೋಡಿಸಿದ ಖಾತೆಗೆ ಹೋಗುತ್ತದೆ. ಎರಡು ಮೂರು ಬ್ಯಾಂಕಿನಲ್ಲಿ ಖಾತೆ ಇದ್ದವರಿಗೆ ಅದು ಮರೆತೇಹೋದ ಖಾತೆಯಾಗಿರಬಹುದು. ಆಧಾರ್ ಕೊಡುವ ಸಂಸ್ಥೆ ಯುಐಡಿಎಐನ ಮೈಆಧಾರ್ ತಾಣದಲ್ಲಿ ‘ಬ್ಯಾಂಕ್ ಸೀಡಿಂಗ್’ ನೋಡಿದರೆ ಬ್ಯಾಂಕಿನ ಹೆಸರು ಸಿಗುತ್ತದೆ. ಆಧಾರ್‌ಗೆ ಮೊಬೈಲ್ ನಂಬರ್ ಜೋಡಿಸಿಲ್ಲದವರನ್ನು ಆಧಾರ್ ಕೇಂದ್ರಕ್ಕೆ ಕಳಿಸಿ, ಆ ಕೆಲಸ ಫೋನಿನಲ್ಲಿ ಕೂತು ಆಗುವಂಥದ್ದೆಂದು ಅವರನ್ನು ಕಾಯಿಸಬೇಡಿ.

ಯುಪಿಐ ಕೊನೆಯ ಎರಡು ತರಗತಿಗೆ, ಅದೂ ಬೇಕೆಂದವರಿಗೆ ಮಾತ್ರ. ಬೇಡ ಎಂದವರನ್ನು ಒತ್ತಾಯಿಸಬೇಡಿ, ರೊಕ್ಕದ ವಿಷಯದಲ್ಲಿ ಹಿಂಜರಿಕೆ ದಡ್ಡತನವಲ್ಲ. ಶುರುವಿನಲ್ಲೇ ಕೆಡುವ ಜಾಗ ನೋಂದಣಿ. ಆ್ಯಪ್ ತಾನಾಗಿ ಒಂದು ಎಸ್‌ಎಂಎಸ್ ಕಳಿಸುತ್ತದೆ. ಎಸ್‌ಎಂಎಸ್ ಇಲ್ಲದ ರೀಚಾರ್ಜ್ ಆಗಿದ್ದರೆ, ಅಥವಾ ಎರಡು ಸಿಮ್‌ಗಳಲ್ಲಿ ಬ್ಯಾಂಕಿಗೆ ಕೊಡದ ಸಿಮ್ ಆರಿಸಿದ್ದರೆ ಅಲ್ಲೇ ನಿಂತುಬಿಡುತ್ತದೆ. ಪಿನ್ ಇಡಲು ಎಟಿಎಂ ಕಾರ್ಡ್‌ನ ಕೊನೆಯ ಆರು ಅಂಕಿ ಮತ್ತು ಅವಧಿ ಮುಗಿಯುವ ತಿಂಗಳು–ವರ್ಷ ಬೇಕು. ಕಾರ್ಡ್ ಇಲ್ಲದವರಿಗೆ ಹಲವು ಬ್ಯಾಂಕುಗಳಲ್ಲಿ ಆಧಾರ್ ಒಟಿಪಿಯಿಂದಲೂ ಆಗುತ್ತದೆ. ಪಿನ್ ಒತ್ತುವಾಗ ನೀವು ಬೆನ್ನು ತಿರುಗಿಸಿ ನಿಲ್ಲಿ, ಎಲ್ಲರಿಗೂ ಕಾಣುವ ಹಾಗೆ. ಅವರ ಪಿನ್ ನಿಮಗೆ ಗೊತ್ತಿದೆ ಎಂಬ ಮಾತು ನಾಳೆ ಊರಲ್ಲಿ ಹುಟ್ಟಬಾರದು. ಆಮೇಲೆ ಒಬ್ಬರಿಗೊಬ್ಬರು ಒಂದೊಂದು ರೂಪಾಯಿ ಕಳಿಸಲಿ, ಅದೇ ರೂಪಾಯಿ ಹೊಳ್ಳಿ ಬರಲಿ.

‘ಪಿನ್ ಒತ್ತಿದರೆ ರೊಕ್ಕ ಹೋಗುತ್ತದೆ’ ಎಂದಷ್ಟೇ ಕಲಿಸಿದರೆ ಸಾಲದು, ಏಕೆಂದರೆ ಖಾತೆಯ ಬಾಕಿ ನೋಡಲೂ ಪಿನ್ ಬೇಕು. ಮೊದಲ ದಿನವೇ ಆ ನಿಯಮ ಸುಳ್ಳಾಗಿ ಕಂಡರೆ ನಂಬಿಕೆ ಹೋಗುತ್ತದೆ. ಹೀಗೆ ಹೇಳಿ: ನಾನಾಗಿ ಶುರು ಮಾಡಿದ ಕೆಲಸಕ್ಕೆ ಮಾತ್ರ ಪಿನ್. ಬೇರೆಯವರು ಫೋನ್ ಮಾಡಿ ಒತ್ತು ಎಂದರೆ ಇಲ್ಲ. ರೊಕ್ಕ ಬರುವುದಕ್ಕೆ ಪಿನ್ನೂ ಬೇಡ, ಸ್ಕ್ಯಾನೂ ಬೇಡ.

ಮೋಸದ ಬಗ್ಗೆ ಹೆದರಿಸುವ ಕತೆ ಹೇಳಿದರೆ ಫೋನನ್ನೇ ಬಿಟ್ಟುಬಿಡುತ್ತಾರೆ. ಬದಲಿಗೆ ಅಭ್ಯಾಸ ಮಾಡಿಸಿ. ನಿಮ್ಮ ಸ್ನೇಹಿತರೊಬ್ಬರು ಪಕ್ಕದ ಕೋಣೆಯಿಂದ ಬ್ಯಾಂಕಿನ ಸಾಹೇಬರಾಗಿ ಫೋನ್ ಮಾಡಲಿ, ಗತ್ತಿನ ದನಿಯಲ್ಲಿ ‘ನಿಮ್ಮ ಖಾತೆ ಬಂದ್ ಆಗ್ತದ, ಒಟಿಪಿ ಹೇಳ್ರಿ’ ಅನ್ನಲಿ. ಕಲಿಯುವವರು ಮಾಡಬೇಕಾದ್ದು ಇಷ್ಟೇ: ‘ಬ್ಯಾಂಕಿಗೇ ಬರ್ತೀನಿ’ ಎಂದು ಫೋನ್ ಇಡುವುದು. ನಮ್ಮಲ್ಲಿ ಹೆಣ್ಣುಮಕ್ಕಳು ಮೋಸ ಹೋಗುವುದು ತಿಳಿವಳಿಕೆ ಇಲ್ಲದ್ದಕ್ಕಿಂತ ಹೆಚ್ಚಾಗಿ ಮರ್ಯಾದೆಯಿಂದ. ದೊಡ್ಡ ಸಾಹೇಬರು ಮಾತಾಡುವಾಗ ನಡುವೆ ಫೋನ್ ಇಟ್ಟು ರೂಢಿಯೇ ಇಲ್ಲ. ಎರಡು ಮೂರು ಸಲ ನಗುನಗುತ್ತ ಇಟ್ಟು ರೂಢಿಯಾದರೆ ನಾಲ್ಕನೆಯದು ನಿಜದ್ದಾದಾಗಲೂ ಕೈ ನಡೆಯುತ್ತದೆ. ಸೈಬರ್ ವಂಚನೆಯ ದೂರು ಕೊಡುವ ಸಹಾಯವಾಣಿ 1930 ಸಂಖ್ಯೆಯನ್ನು ಸಂಪರ್ಕದಲ್ಲಿ ಉಳಿಸಿ ಕೆಂಪು ಚಿತ್ರ ಹಾಕಿಸಿ. ಹಣ ಹೋದರೆ ಮನೆಯವರಿಗೆ ಹೇಳಲು ಸಂಜೆವರೆಗೆ ಕಾಯದೆ ಆ ಕ್ಷಣವೇ ಅದಕ್ಕೆ ಫೋನ್ ಹಚ್ಚಬೇಕು. ಮೋಸದ ಹಣ ಖಾತೆಯಿಂದ ಖಾತೆಗೆ ಬಲು ಬೇಗ ದಾಟುತ್ತದೆ, ದಾಟುವ ಮುಂಚೆ ತಿಳಿಸಿದರಷ್ಟೇ ತಡೆಯಲು ಆಸ್ಪದ.

ನಿಮ್ಮ ಧೈರ್ಯದ ಬಗ್ಗೆ ಕೇಳಿದ್ದೀರಿ. ಎಲ್ಲ ಗೊತ್ತಿರಬೇಕಿಲ್ಲ. ‘ಇದು ನನಗೂ ಗೊತ್ತಿಲ್ಲ ಅಕ್ಕಾ, ನೋಡಿ ಶನಿವಾರ ಹೇಳ್ತೀನಿ’ ಎಂದು ಹೇಳಿ, ಶನಿವಾರ ಹೇಳಿ. ಹಿಂದಿನ ದಿನ ಅವತ್ತಿನ ಪಾಠವನ್ನು ನಿಮ್ಮದಲ್ಲದ, ಬೇರೆ ಕಂಪನಿಯ ಫೋನಿನಲ್ಲಿ ಒಮ್ಮೆ ಮಾಡಿ ನೋಡಿ, ಅರ್ಧ ಗಾಬರಿ ಅಲ್ಲೇ ಹೋಗುತ್ತದೆ. ತರಗತಿಯಲ್ಲಿ ‘ತಿಳೀತೇನ್ರಿ?’ ಎಂದು ಕೇಳಬೇಡಿ, ಎಲ್ಲರೂ ತಲೆ ಆಡಿಸುತ್ತಾರೆ. ಸಿಕ್ಕಿಕೊಂಡವರನ್ನು ‘ಈಗ ಏನ್ ಕಾಣ್ಲಕತ್ತದ?’ ಎಂದು ಕೇಳಿ. ಅವರು ಕಂಡದ್ದನ್ನು ಹೇಳುವಷ್ಟರಲ್ಲಿ ದಾರಿ ಅವರಿಗೇ ಹೊಳೆಯುವುದುಂಟು. ಮಾಡಿ ಮುಗಿಸಿದವರಿಗೆ ‘ಬಾಜೂಕಿನವರಿಗೆ ತೋರಸ್ರಿ, ಆದ್ರ ಅವರ ಫೋನ್ ಹಿಡೀಬ್ಯಾಡ್ರಿ’ ಅನ್ನಿ.

ಪ್ರತಿ ತರಗತಿಯೂ ಹಿಂದಿನ ಕೆಲಸವನ್ನು ನೆರವಿಲ್ಲದೆ ಮಾಡುವುದರಿಂದ ಶುರುವಾಗಲಿ. ಪುಸ್ತಕದಲ್ಲಿ ಪ್ರತಿ ಹೆಸರಿನ ಮುಂದೆ ಮೂರರಲ್ಲಿ ಒಂದು ಗುರುತು ಹಾಕಿ: ತಾವೇ ಮಾಡಿದರು, ಹೇಳಿದಮೇಲೆ ಮಾಡಿದರು, ಇನ್ನೂ ಆಗಿಲ್ಲ. ಗುಂಪಿನಲ್ಲಿ ಇಬ್ಬರಿಗೆ ‘ಆಗಿಲ್ಲ’ ಇದ್ದರೆ ಹೊಸ ಪಾಠ ಮುಂದಕ್ಕೆ ಹಾಕಿ. ಎಂಟು ಹೋಗಿ ಹತ್ತಾದರೆ ಆಗಲಿ. ಪಹಣಿ, ಬೆಳೆ ಸಮೀಕ್ಷೆ ಕೇಳಿದವರಿಗೆ ಸರ್ವೆ ನಂಬರ್, ಹಿಸ್ಸಾ ನಂಬರ್ ಬರೆದ ಚೀಟಿ ತರಲು ಹೇಳಿ ಬೇರೆ ದಿನ ಕೂರಿಸಿ, ಎಲ್ಲರಿಗೂ ಅದು ಬೇಕಿಲ್ಲ.

ತರಗತಿ ಮುಗಿದ ಒಂದೆರಡು ತಿಂಗಳಲ್ಲಿ ಆ್ಯಪ್‌ಗಳು ಹೊಸದಾಗಿ ಗುಂಡಿಗಳ ಜಾಗ ಬದಲಾಯಿಸುತ್ತವೆ, ಯಾರೋ ಒಬ್ಬರ ಮಗ ಹೊಸ ಫೋನ್ ತಂದುಕೊಡುತ್ತಾನೆ, ನೀವು ಅಣಿ ಮಾಡಿದ್ದೆಲ್ಲ ಅಳಿಸಿಹೋಗಿರುತ್ತದೆ. ಸಂತೆಯ ದಿನ ಸಂಜೆ ಒಂದು ತಾಸು ಅರಿವು ಕೇಂದ್ರದಲ್ಲಿ ಕೂರುವುದನ್ನು ಸಂಘದ ನಡಾವಳಿಯಲ್ಲೇ ಬರೆಸಿ. ಮೊದಲು ಚೆನ್ನಾಗಿ ಕಲಿತ ಇಬ್ಬರನ್ನು ಆ ಹೊತ್ತಿಗೆ ನೇಮಿಸಿ. ನೀವು ಇಲ್ಲದ ವಾರ ಅವರು ನಡೆಸಲಿ, ಪೆನ್ಸಿಲ್ ಅವರ ಕೈಗೇ ಕೊಡಿ.